ಲಸಿಕಾಭಾವಶಾಸ್ತ್ರ ಪ್ರವೇಶಿಕೆ

ಪ್ರಥಮಾಧ್ಯಾಯ: ದೇವಾಪುರಾಧಿಕರಣ

ಶಾಸ್ತ್ರಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿರೂಪಿಸುವುದು ಶಿಷ್ಟಾಚಾರ. ಪ್ರಸ್ತುತ ಶಾಸ್ತ್ರದ ವಿಷಯ, ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ದೇವಾಪುರದಲ್ಲಿ ಇಲ್ಲದಿರುವ ಇನ್‌ಫ್ಲುಯೆಂಜಾ ಲಸಿಕೆ. ಪ್ರಯೋಜನ, ಅದು ಎಷ್ಟು ವಿಧವಾಗಿ ಇಲ್ಲ ಎಂಬುದರ ನಿಶ್ಚಯ. ವಿಷಯಕ್ಕೂ ಶಾಸ್ತ್ರಕ್ಕೂ ಇರುವ ಸಂಬಂಧ ಜ್ಞಾಪ್ಯಜ್ಞಾಪಕ ರೂಪದ್ದು. ಇನ್ನು ಅಧಿಕಾರಿ, ಅಂದರೆ ಈ ಶಾಸ್ತ್ರವನ್ನು ಓದಲು ಅರ್ಹನಾದವನು: ಮಳೆಗಾಲದಲ್ಲಿ ಎರಡು ದಿನ ಮೂಗು ಸೋರಿ, ಮೂರನೆಯ ದಿನ ಮೈ ಕೆಂಡವಾಗಿ, ಕೀಲುಕೀಲು ಹಿಡಿದು, ಹೊಲಕ್ಕೆ ಹೋಗಲಾರದೆ ಕಂಬಳಿ ಹೊದ್ದು ಮಲಗಿದ ಅನುಭವವುಳ್ಳವನು. ಜಿಲ್ಲಾ ಮಟ್ಟದ ಅಧಿಕಾರಿಗಳು ಓದಿದರೂ ಗ್ರಂಥಕರ್ತನ ಆಕ್ಷೇಪವಿಲ್ಲ.

ಇರುವ ಲಸಿಕೆಗಳ ಕುರಿತು ವೈದ್ಯಶಾಸ್ತ್ರದಲ್ಲಿ ಗ್ರಂಥಗಳು ಹೇರಳವಾಗಿವೆ. ಇಲ್ಲದ ಲಸಿಕೆಯ ಕುರಿತು ಸ್ವತಂತ್ರ ಶಾಸ್ತ್ರವೊಂದು ಈವರೆಗೆ ಪ್ರವೃತ್ತವಾಗದಿರುವುದು ವಿಸ್ಮಯಕರ, ಏಕೆಂದರೆ ಭೂಮಂಡಲದ ಬಹುಭಾಗದಲ್ಲಿ ಪ್ರತ್ಯಕ್ಷಗೋಚರವಾದದ್ದು ಅದೇ. ಅಭಾವವೂ ಒಂದು ಪದಾರ್ಥ, ಏಳನೆಯ ಪದಾರ್ಥ, ಎಂದು ನಮ್ಮ ವೈಶೇಷಿಕರು ಎಂದೋ ಒಪ್ಪಿ ಆಗಿದೆ. ಅದಕ್ಕೆ ಎರಡು ಅಂಗಗಳು ಬೇಕು. ಯಾವುದು ಇಲ್ಲವೋ ಅದು ಪ್ರತಿಯೋಗಿ. ಎಲ್ಲಿ ಇಲ್ಲವೋ ಅದು ಅಧಿಕರಣ. ಪ್ರಾಚೀನರು ನೆಲವನ್ನೂ ಗಡಿಗೆಯನ್ನೂ ಉದಾಹರಿಸಿದರು. ನಾವು ಐಎಲ್‌ಆರ್ ಪೆಟ್ಟಿಗೆಯನ್ನೂ ಸೀಸೆಯನ್ನೂ ಉದಾಹರಿಸುತ್ತೇವೆ.

ಅಧಿಕರಣ ಲಕ್ಷಣ. ದೇವಾಪುರದ ತೋಳುಗಳಿಗೆ ಲಸಿಕೆ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹೊರಡುತ್ತದೆಯೋ ಅಲ್ಲಿರುವ, ಮೇಲ್ಮುಖವಾಗಿ ತೆರೆಯುವ, ಒಳಗೋಡೆಯಲ್ಲಿ ಹಿಮವನ್ನು ಧರಿಸಿದ, 2ರಿಂದ 8 ಡಿಗ್ರಿಗಳ ನಡುವೆ ಉಸಿರು ಹಿಡಿದಿರುವ ಬಿಳಿಯ ಪೆಟ್ಟಿಗೆಯೇ ಐಎಲ್‌ಆರ್. ಕರೆಂಟು ಹೋದಾಗಲೂ ಕೆಲವು ಗಂಟೆ ತಂಪನ್ನು ಬಿಟ್ಟುಕೊಡದಿರುವುದು ಇದರ ಅಸಾಧಾರಣ ಧರ್ಮ. ಸಾಮಾನ್ಯ ಫ್ರಿಜ್ಜಿನಲ್ಲಿ ಈ ಧರ್ಮವಿಲ್ಲದ್ದರಿಂದ ಅತಿವ್ಯಾಪ್ತಿ ದೋಷವಿಲ್ಲ. ಇದರ ಪಕ್ಕದಲ್ಲೊಂದು ತಾಪಮಾನದ ಪಟ್ಟಿಯಿದ್ದು ದಿನಕ್ಕೆ ಎರಡು ಬಾರಿ ಅದರಲ್ಲಿ ಅಂಕೆ ಬರೆಯತಕ್ಕದ್ದು. ಮುಚ್ಚಳ ತೆರೆದರೆ ಬಿಸಿಜಿ ಕಾಣುತ್ತದೆ, ಪೋಲಿಯೊ ಕಾಣುತ್ತದೆ, ಪೆಂಟಾವೇಲೆಂಟ್ ಕಾಣುತ್ತದೆ, ದಡಾರ ರುಬೆಲ್ಲಾದ್ದು ಕಾಣುತ್ತದೆ. ಇನ್‌ಫ್ಲುಯೆಂಜಾದ್ದು ಕಾಣುವುದಿಲ್ಲ. ಇರಬೇಕಾದಲ್ಲಿ ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವ ಈ ಪ್ರಮಾಣಕ್ಕೆ ಭಾಟ್ಟ ಮೀಮಾಂಸಕರು ಅನುಪಲಬ್ಧಿ ಎಂದು ಹೆಸರಿಟ್ಟಿದ್ದಾರೆ. ಮುಚ್ಚಳ ತೆರೆಯುವ ಅಧಿಕಾರವಿಲ್ಲದ ಗ್ರಾಮಸ್ಥರಿಗೆ ಶಬ್ದಪ್ರಮಾಣವೇ ಗತಿ. ಅದರ ಪ್ರಸಿದ್ಧ ರೂಪ: “ಆ ಸೂಜಿ ನಮ್ಮಲ್ಲಿ ಬರಂಗಿಲ್ರಿ ಯಕ್ಕಾ.” ಹೇಳಿದಾಕೆ ಆಪ್ತಳಾದ್ದರಿಂದ ವಾಕ್ಯ ಪ್ರಮಾಣ.

ಈ ಅಭಾವ ಚತುರ್ವಿಧ.

1. ಪ್ರಾಗಭಾವ. ಹುಟ್ಟುವ ಮೊದಲಿನ ಇಲ್ಲದಿರುವಿಕೆ. ಇದಕ್ಕೆ ಆದಿಯಿಲ್ಲ, ಅಂತ್ಯ ಉಂಟು. ಇದು ಮಹಾಪ್ರಾಗಭಾವ, ಋತುಪ್ರಾಗಭಾವ ಎಂದು ಎರಡು ಬಗೆ.

ಮಹಾಪ್ರಾಗಭಾವವೆಂಬುದು ಅನಾದಿಯಿಂದ 1945ರವರೆಗೆ ವ್ಯಾಪಿಸಿತ್ತು. ಆ ವರ್ಷ ಅಮೆರಿಕದಲ್ಲಿ ಸಾರ್ವಜನಿಕರಿಗೆಂದು ಮೊದಲ ಇನ್‌ಫ್ಲುಯೆಂಜಾ ಲಸಿಕೆಗೆ ಪರವಾನಗಿ ದೊರೆಯಿತು. ಈ ಅವಧಿಯೊಳಗೇ 1918 ಬರುತ್ತದೆ. ಆ ಜೂನ್ ತಿಂಗಳಲ್ಲಿ ಜ್ವರವು ಮುಂಬಯಿ ಬಂದರಿನಲ್ಲಿ ಇಳಿದು, ರೈಲು ಹಳಿಗಳನ್ನು ಹಿಡಿದು ದೇಶವ್ಯಾಪಿಯಾಯಿತು. ಮುಂಬಯಿಯಿಂದ ರಾಯಚೂರಿಗೆ ಬರುವ ಜಿಐಪಿ ರೈಲ್ವೆಯ ಹಾದಿಯಲ್ಲಿ ವಾಡಿಯಿದೆ, ಯಾದಗಿರಿಯಿದೆ. ಸುರಪುರ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಭಾಗ. 1911ರ ಜನಗಣತಿಯಲ್ಲಿ 1 ಕೋಟಿ 33 ಲಕ್ಷವಿದ್ದ ಆ ಸಂಸ್ಥಾನದ ಜನಸಂಖ್ಯೆ, ಜ್ವರ, ಬರ, ಪ್ಲೇಗುಗಳು ಕೂಡಿ ಕೊಯ್ದ ಮೇಲೆ, 1921ರಲ್ಲಿ 1 ಕೋಟಿ 24 ಲಕ್ಷಕ್ಕೆ ಇಳಿದಿತ್ತು.

ಇಲ್ಲೊಂದು ಸೂಕ್ಷ್ಮ ಶಂಕೆ. ಪ್ರತಿಯೋಗಿಯ ಜ್ಞಾನವಿಲ್ಲದೆ ಅಭಾವದ ಜ್ಞಾನ ಸಂಭವಿಸದು ಎಂಬುದು ನೈಯಾಯಿಕರ ನಿಯಮ. ಗಡಿಗೆಯನ್ನೇ ಅರಿಯದವನು ಗಡಿಗೆ ಇಲ್ಲವೆಂದು ಹೇಳಲಾರ. ಮಾನವ ಇನ್‌ಫ್ಲುಯೆಂಜಾ ವೈರಸ್ಸನ್ನು ಪ್ರತ್ಯೇಕಿಸಿದ್ದೇ 1933ರಲ್ಲಿ. ಆದಕಾರಣ 1918ರ ಸುರಪುರ ಸೀಮೆಯವರಿಗೆ ಈ ಲಸಿಕೆಯ ಅಭಾವವಿತ್ತೆಂದು ಹೇಳುವುದು ಶಾಸ್ತ್ರಸಮ್ಮತವಲ್ಲ. ಅವರಿಗೆ ಯಾವ ಅಭಾವವೂ ಇರಲಿಲ್ಲ. ಅವರು ಸತ್ತರು, ಅಷ್ಟೆ.

ಋತುಪ್ರಾಗಭಾವವಾದರೋ ಪ್ರತಿವರ್ಷ ಹೊಸದಾಗಿ ಉತ್ಪನ್ನವಾಗುತ್ತದೆ. ಆದಿಯಿಲ್ಲದ್ದು ವರ್ಷವರ್ಷ ಹೇಗೆ ಆರಂಭವಾದೀತೆಂದರೆ, ವೈರಸ್ಸು ವೇಷ ಬದಲಿಸುವುದರಿಂದ ಪ್ರತಿವರ್ಷದ ಲಸಿಕೆಯೂ ಬೇರೆ ವ್ಯಕ್ತಿ, ಅದರ ಪ್ರಾಗಭಾವವೂ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಪಂಡಿತಮಂಡಲಿ ಫೆಬ್ರವರಿಯಲ್ಲಿ ಉತ್ತರ ಗೋಲಾರ್ಧಕ್ಕೂ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಲಾರ್ಧಕ್ಕೂ ಮುಂದಿನ ಋತುವಿನ ತಳಿಗಳನ್ನು ಆರಿಸುತ್ತದೆ. ಆರಿಸಿದ ಮೇಲೆ ಸೀಸೆ ಸಿದ್ಧವಾಗಲು ಸುಮಾರು ಆರು ತಿಂಗಳು. ಈ ಆರು ತಿಂಗಳ ಉಪಾದಾನ ಕಾರಣ ಕೋಳಿಮೊಟ್ಟೆ.

ಆದ್ದರಿಂದ ಪ್ರಸಂಗಪ್ರಾಪ್ತವಾದ ಅಂಡನಿರೂಪಣ. ಅಂಡವು ತ್ರಿವಿಧ: ಮರಿಯಾಗುವುದು ಜನಕಾಂಡ, ತಿನ್ನುವುದು ಭಕ್ಷ್ಯಾಂಡ, ಹತ್ತು ಹನ್ನೊಂದು ದಿನ ಕಾವು ಕೊಟ್ಟು, ಭ್ರೂಣ ಮೂಡಿದ ಮೇಲೆ ಚಿಪ್ಪಿಗೆ ಸಣ್ಣ ರಂಧ್ರ ಕೊರೆದು, ಒಳಗಿನ ದ್ರವಕ್ಕೆ ವೈರಸ್ ಬಿಟ್ಟು, ಎರಡು ಮೂರು ದಿನ ಬೆಳೆಸಿ ಆ ದ್ರವವನ್ನು ತೆಗೆದುಕೊಳ್ಳುವುದು ಲಸಿಕಾಂಡ. ಮೂರು ತಳಿಗಳ ಲಸಿಕೆಯ ಒಂದು ಡೋಸಿಗೆ ಸ್ಥೂಲವಾಗಿ ಮೂರು ಮೊಟ್ಟೆ ಎಂಬುದು ಹಳೆಯ ಲೆಕ್ಕ. 2021ರ ಡಿಸೆಂಬರ್‌ನಲ್ಲಿ ಯಾದಗಿರಿಯೂ ಸೇರಿದಂತೆ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದಾಗ ರಾಜ್ಯವ್ಯಾಪಿ ವಾಗ್ವಾದವೆದ್ದಿತಷ್ಟೆ. ಅಲ್ಲಿ ಉಭಯಪಕ್ಷಗಳೂ ಭಕ್ಷ್ಯಾಂಡವನ್ನಷ್ಟೇ ಚರ್ಚಿಸಿದವು. ಲಸಿಕಾಂಡವನ್ನು ಯಾವ ಪಕ್ಷವೂ ಪ್ರಸ್ತಾಪಿಸದಿದ್ದುದನ್ನು ಶಾಸ್ತ್ರದೃಷ್ಟಿಯಿಂದ ನ್ಯೂನತೆಯೆಂದೇ ಎಣಿಸಬೇಕು.

ಈ ಪ್ರಕ್ರಿಯೆಯಲ್ಲಿ ಚಕ್ರಕ ದೋಷವೊಂದು ಅಡಗಿದೆ. ಹಕ್ಕಿಜ್ವರದ ಎಚ್5ಎನ್1 ಕೋಳಿಯನ್ನು ಕೊಲ್ಲುತ್ತದೆ. ಅದರ ಲಸಿಕೆಗೆ ಮೊಟ್ಟೆ ಬೇಕು. ಮೊಟ್ಟೆಗೆ ಕೋಳಿ ಬೇಕು. ಕೋಳಿ ಉಳಿಯಲು ಜ್ವರ ಇರಬಾರದು. ಜ್ವರವಿರದಿದ್ದರೆ ಲಸಿಕೆ ಬೇಕಿಲ್ಲ. ಇದನ್ನು ಮುರಿಯಲೆಂದೇ ಆಧುನಿಕರು ವೈರಸ್ಸಿನ ಉಗ್ರಗುಣವನ್ನು ಕತ್ತರಿಸಿ ಮೊಟ್ಟೆಗೆ ಬಿಡುತ್ತಾರೆ. ಕೆಲವರು ಮೊಟ್ಟೆಯನ್ನೇ ಬಿಟ್ಟು ಜೀವಕೋಶಗಳಲ್ಲಿ ಬೆಳೆಸುತ್ತಾರೆ. ಬಹುಪಾಲು ಲಸಿಕೆ ಈಗಲೂ ಮೊಟ್ಟೆಯದೇ. 2019ರ ಅಂದಾಜಿನಂತೆ ಜಗತ್ತು ವರ್ಷಕ್ಕೆ ಸುಮಾರು 150 ಕೋಟಿ ಡೋಸ್ ಋತುಲಸಿಕೆ ಮಾಡಬಲ್ಲದು. ಮಹಾಮಾರಿ ಬಂದು, ಎಲ್ಲವೂ ಅನುಕೂಲಿಸಿದರೆ, ಹನ್ನೆರಡು ತಿಂಗಳಲ್ಲಿ 830 ಕೋಟಿಯವರೆಗೆ ಎಳೆಯಬಹುದು. ಈ “ಎಲ್ಲವೂ ಅನುಕೂಲಿಸಿದರೆ” ಎಂಬ ಉಪಾಧಿಯೊಳಗೆ ಕೋಳಿಯ ಆರೋಗ್ಯವೂ ಅಂತರ್ಗತ.

ಋತುಪ್ರಾಗಭಾವದ ಒಂದು ವಿರಳ ಪ್ರಭೇದ ವಿಲಂಬಾಂತಪ್ರಾಗಭಾವ: ಯಾವುದರ ಅಂತ್ಯವು ರೋಗದ ಅಂತ್ಯಕ್ಕೆ ಕೂಗಳತೆಯಲ್ಲಿ ಸಂಭವಿಸುತ್ತದೆಯೋ ಅದು. 2009ರ ಜೂನ್ 11ರಂದು ಎಚ್1ಎನ್1 ಮಹಾಮಾರಿಯೆಂದು ಘೋಷಿತವಾಯಿತು. ಆಗಸ್ಟ್‌ನಲ್ಲಿ ಪುಣೆಯಲ್ಲಿ ದೇಶದ ಮೊದಲ ಸಾವು ಸಂಭವಿಸಿತು. ಭಾರತದಲ್ಲೇ ತಯಾರಾದ ಮೊದಲ ಲಸಿಕೆ ಮಾರುಕಟ್ಟೆಗೆ ಬಂದದ್ದು 2010ರ ಜೂನ್‌ನಲ್ಲಿ. ಆ ಬಳಿಕ ಪುಣೆಯ ಸೀರಂ ಸಂಸ್ಥೆಯ, ಮೂಗಿಗೆ ಸಿಂಪಡಿಸುವ ಲಸಿಕೆಯೂ ಬಂತು. ಮಹಾಮಾರಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2010ರ ಆಗಸ್ಟ್ 10ರಂದು. ಲಕ್ಷಣಕ್ಕೆ ಇದಕ್ಕಿಂತ ಶುದ್ಧವಾದ ಲಕ್ಷ್ಯ ದೊರೆಯುವುದು ಕಷ್ಟ.

2. ಪ್ರಧ್ವಂಸಾಭಾವ. ಹುಟ್ಟಿ ನಾಶವಾದ ಮೇಲಿನ ಇಲ್ಲದಿರುವಿಕೆ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ತಾಪಜ, ಶೀತಜ, ಕಾಲಜ ಎಂದು ಮೂರು ಬಗೆ. ಸುರಪುರ ಸೀಮೆಯ ಬ್ಯಾಸಿಗಿಯನ್ನು ಬಲ್ಲವರಿಗೆ ತಾಪಜದ ವಿವರಣೆ ಬೇಕಿಲ್ಲ. ಕಾಲಜವೆಂದರೆ ಸೀಸೆಯ ಮೇಲಿನ ತಾರೀಖು ದಾಟುವುದು. ಇತರ ಲಸಿಕೆಗಳಲ್ಲಿ ಇದು ಔಷಧದ ವೃದ್ಧಾಪ್ಯ ಮಾತ್ರ. ಇನ್‌ಫ್ಲುಯೆಂಜಾದಲ್ಲಿ ಔಷಧ ತರುಣವಾಗಿದ್ದರೂ ವೈರಿ ಬದಲಾಗಿರುತ್ತಾನೆ.

ಪಂಡಿತರೂ ಮರೆಯುವುದು ಶೀತಜವನ್ನು. ಹೆಪ್ಪುಗಟ್ಟಿದ ಇನ್‌ಫ್ಲುಯೆಂಜಾ ಲಸಿಕೆಯನ್ನು ಎಸೆಯಬೇಕು ಎಂಬುದು ವಿಧಿ. ಏಪ್ರಿಲ್ ಬಿಸಿಲಲ್ಲಿ ಹಳ್ಳಿಗೆ ಹೊರಟ ಪದಾರ್ಥವು ಚಳಿಯಿಂದ ಸಾಯಬಹುದೆಂಬುದು ಲೋಕವಿರುದ್ಧವಾಗಿ ತೋರಬಹುದು. ಪರಿಹಾರವು ಆರೋಗ್ಯ ಸಹಾಯಕಿಯ ಕಿವಿಯಲ್ಲಿದೆ. ಆಕೆ ಬೆಳಿಗ್ಗೆ ಡೀಪ್ ಫ್ರೀಜರಿನಿಂದ ನಾಲ್ಕು ಐಸ್ ಪ್ಯಾಕುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಡುತ್ತಾಳೆ. ಕೂಡಲೇ ಲಸಿಕೆ ಒಯ್ಯುವ ನೀಲಿ ಪೆಟ್ಟಿಗೆಗೆ ಹಾಕುವುದಿಲ್ಲ. ಅವು ಬೆವರುವವರೆಗೆ ಕಾಯುತ್ತಾಳೆ. ಆಮೇಲೆ ಒಂದನ್ನು ಎತ್ತಿ ಕಿವಿಯ ಬಳಿ ಅಲುಗಿಸುತ್ತಾಳೆ. ಒಳಗೆ ನೀರು ಗಲಕ್ ಅಂದರೆ ಸಿದ್ಧ, ಅನ್ನದಿದ್ದರೆ ಇನ್ನೂ ಕಾಯಬೇಕು. ಹೊರಗೆ ಗಾಡಿ ಚಾಲು ಮಾಡಿದವನು ಹಾರ್ನ್ ಹೊಡೆಯುತ್ತಿರುತ್ತಾನೆ. “ತಡಿಯೋ ತಮ್ಮಾ, ಇನ್ನಾ ನೀರ್ ಬಿಟ್ಟಿಲ್ಲ” ಎಂಬ ಆಕೆಯ ವಾಕ್ಯವು ಶೀತಜಪ್ರಧ್ವಂಸನಿವಾರಕ ಸೂತ್ರಗಳಲ್ಲಿ ಪ್ರಥಮಗಣ್ಯ.

ವೈಪರೀತ್ಯದ ಒಂದು ಉದಾಹರಣೆಯನ್ನೂ ದಾಖಲಿಸತಕ್ಕದ್ದು. ಬಿ ವರ್ಗದ ಯಮಗಾಟ ಎಂಬ ವೈರಸ್ ವಂಶವು 2020ರ ಮಾರ್ಚ್ ನಂತರ ಜಗತ್ತಿನ ಎಲ್ಲಿಯೂ ಖಚಿತವಾಗಿ ಕಾಣಿಸಿಕೊಂಡಿಲ್ಲ. ಅದರ ಅಂಶವು ಮಾತ್ರ ಕೆಲವು ವರ್ಷ ಲಸಿಕೆಯ ಸೀಸೆಯಲ್ಲಿ ಮುಂದುವರಿಯಿತು. ರೋಗಕ್ಕೆ ಪ್ರಧ್ವಂಸಾಭಾವ, ಲಸಿಕೆಗೆ ಭಾವ. ದೇವಾಪುರದ ಸ್ಥಿತಿಗೆ ಇದು ಕನ್ನಡಿಯ ಬಿಂಬದಂತೆ ವಿಲೋಮ.

3. ಅತ್ಯಂತಾಭಾವ. ಮೂರು ಕಾಲಗಳಲ್ಲಿಯೂ ಇಲ್ಲದಿರುವಿಕೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇನ್‌ಫ್ಲುಯೆಂಜಾ ಲಸಿಕೆ ಸೇರಿಲ್ಲ. ಆದ್ದರಿಂದ ಮೇಲೆ ವರ್ಣಿಸಿದ ಬಿಳಿ ಪೆಟ್ಟಿಗೆಯಲ್ಲಿ ಅದು ಮುಗಿದುಹೋಗಲಾರದು, ತಡವಾಗಲಾರದು, ಕೆಡಲಾರದು.

ಪೂರ್ವಪಕ್ಷ: ದೊಡ್ಡ ಊರುಗಳ ಖಾಸಗಿ ಆಸ್ಪತ್ರೆಗಳಲ್ಲಿ ಅದು ದೊರೆಯುತ್ತದೆ. ಒಂದೆಡೆ ಇರುವುದಕ್ಕೆ ಅತ್ಯಂತಾಭಾವ ಹೇಗೆ? ಸಿದ್ಧಾಂತ: ನವ್ಯನ್ಯಾಯದ ಗಂಧವಿಲ್ಲದವರ ಆಕ್ಷೇಪವಿದು. ಅಭಾವವು ಯಾವಾಗಲೂ ಒಂದು ಸಂಬಂಧದಿಂದ ಅವಚ್ಛಿನ್ನವಾಗಿರುತ್ತದೆ. ಪ್ರಸ್ತುತ ಲಸಿಕೆಯು ಕ್ರಯಸಂಬಂಧದಿಂದ ಉಂಟು, ಹಕ್ಕುಸಂಬಂಧದಿಂದ ಇಲ್ಲ. ಅದರ ಬೆಲೆ ಸಾಮಾನ್ಯವಾಗಿ ಸಾವಿರ ರೂಪಾಯಿಗೂ ಮೇಲು. ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಗಂಡ, ಹೆಂಡತಿ, ಮುದುಕಿ, ಎರಡು ಮಕ್ಕಳಿರುವ ಮನೆಯಲ್ಲಿ ಕ್ರಯಸಂಬಂಧವನ್ನು ಸ್ಥಾಪಿಸಲು ಎಷ್ಟು ದಿನ ಹೂಳು ಎತ್ತಬೇಕೆಂಬುದನ್ನು ಗಣಿತಜ್ಞರು ಎಣಿಸಿಕೊಳ್ಳಲಿ. ಬಸ್ಸಿನ ಚಾರ್ಜು ಪ್ರತ್ಯೇಕ.

4. ಅನ್ಯೋನ್ಯಾಭಾವ. ಇದು ಅದಲ್ಲ ಎಂಬ ಭೇದ. ಸೀಸೆಯಲ್ಲಿರುವ ತಳಿ ಊರಲ್ಲಿರುವ ತಳಿಯಲ್ಲ. 2014–15ರ ಚಳಿಗಾಲದಲ್ಲಿ ಉತ್ತರ ಗೋಲಾರ್ಧದಲ್ಲಿ ಸಂಚರಿಸಿದ ಎಚ್3ಎನ್2 ಬಹುಮಟ್ಟಿಗೆ ಲಸಿಕೆಯೊಳಗಿನ ಎಚ್3ಎನ್2 ಆಗಿರಲಿಲ್ಲ. ಹೆಸರು ಒಂದೇ, ವ್ಯಕ್ತಿ ಬೇರೆ.

ಈ ಪ್ರಕರಣದಲ್ಲಿ ದೇವಾಪುರಕ್ಕೆ ವಿಶಿಷ್ಟವಾದ ಗೋಲಸಂಶಯ ಉದ್ಭವಿಸುತ್ತದೆ. ಊರು ವಿಷುವದ್ವೃತ್ತದಿಂದ ಉತ್ತರಕ್ಕೆ ಹದಿನಾರೂವರೆ ಡಿಗ್ರಿಯ ಆಸುಪಾಸಿನಲ್ಲಿದೆ. ಭೂಗೋಲಶಾಸ್ತ್ರದ ಪ್ರಕಾರ ನಿಸ್ಸಂದೇಹವಾಗಿ ಉತ್ತರ ಗೋಲಾರ್ಧ. ಉತ್ತರ ಗೋಲಾರ್ಧದ ಲಸಿಕೆ ಚಳಿಗಾಲದ ಜ್ವರಕ್ಕೆಂದು ಮಾಡಿದ್ದು. ಭಾರತದ ಬಹುಭಾಗದಲ್ಲಿ ಇನ್‌ಫ್ಲುಯೆಂಜಾ ಮಳೆಗಾಲದಲ್ಲಿ ಏರುತ್ತದೆ. ಅದೇ ತಿಂಗಳುಗಳಲ್ಲಿ ದಕ್ಷಿಣ ಗೋಲಾರ್ಧದಲ್ಲಿ ಚಳಿಗಾಲ. ಆದ್ದರಿಂದ ದೇವಾಪುರದ ಭೂಮಿ ಉತ್ತರ ಗೋಲಾರ್ಧದಲ್ಲಿಯೂ ದೇವಾಪುರದ ಮೂಗು ದಕ್ಷಿಣ ಗೋಲಾರ್ಧದಲ್ಲಿಯೂ ಇವೆಯೆಂದು ಅಂಗೀಕರಿಸಬೇಕು. ಜನವರಿಯಿಂದ ಮಾರ್ಚ್ ನಡುವೆ ಬರುವ ಇನ್ನೊಂದು ಸಣ್ಣ ಏರಿಕೆಯ ಕಾಲಕ್ಕೆ ಮೂಗು ಮರಳಿ ಉತ್ತರಕ್ಕೆ ಬರುತ್ತದೆ. ಜೀವಿಯೊಂದರ ಅಂಗಗಳು ಭಿನ್ನ ಗೋಲಾರ್ಧಗಳಲ್ಲಿರುವುದಕ್ಕೆ ಬೇರೆ ನಿದರ್ಶನ ಸದ್ಯಕ್ಕೆ ಗೊತ್ತಿಲ್ಲ.

ಸೂಚೀಭೇದವನ್ನೂ ಇಲ್ಲಿಯೇ ಹೇಳಿಬಿಡುವುದು ಲಾಘವ. ಸೂಜಿಯು ರುಗ್ಣಸೂಚಿ, ಅರುಗ್ಣಸೂಚಿ ಎಂದು ಎರಡು. ಮೊದಲನೆಯದು ಜ್ವರ ಬಂದಾಗ ಕೇಳಿ ಮಾಡಿಸಿಕೊಳ್ಳುವುದು. “ಗುಳಿಗಿ ಬ್ಯಾಡ್ರಿ, ಸೂಜಿನ ಮಾಡ್ರಿ” ಎಂದು ಜನ ಇದನ್ನು ಕಾಸು ಕೊಟ್ಟು ಕೊಳ್ಳುತ್ತಾರೆ. ಎರಡನೆಯದು ಆರೋಗ್ಯವಾಗಿದ್ದಾಗ ಪುಕ್ಕಟೆ ಹಾಕಿದರೂ ಹಿತ್ತಲ ಬಾಗಿಲಿನಿಂದ ಓಡಿಸುವುದು. ಅಂಗನವಾಡಿಯ ಕಟ್ಟೆಯ ಮೇಲೆ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡ ತಾಯಿಯೊಬ್ಬಳು ಎತ್ತಿದ ಆಕ್ಷೇಪ ತರ್ಕಶಾಸ್ತ್ರದಲ್ಲಿ ಸ್ಥಾನ ಪಡೆಯತಕ್ಕದ್ದು: “ಜ್ವರ ಬರಬಾರ್ದಂತ ಸೂಜಿ ಹಾಕ್ತೀರಿ. ಸೂಜಿ ಹಾಕಿದ್ರ ಜ್ವರ ಬರ್ತಾವ. ಹಂಗಾದ್ರ ಯಾವ ಜ್ವರ ಚೊಲೊರಿ ಸಿಸ್ಟರ್?” ಸಿಸ್ಟರ್ ಉತ್ತರವಾಗಿ ಪ್ಯಾರಾಸಿಟಮಾಲ್ ಕೊಟ್ಟರು. ಅದು ಸಮಾಧಾನವೇ ಹೊರತು ಖಂಡನೆಯಲ್ಲ.

ಇನ್ನು ಲೋಕನಿರೂಪಣ. ಲಸಿಕೆ ಇಳಿದು ಬರುವ ಲೋಕಗಳು ಏಳು: ದೇವಾಪುರ ಭೂಲೋಕ. ಅದರ ಮೇಲೆ ಕ್ರಮವಾಗಿ ತಾಲ್ಲೂಕು, ಜಿಲ್ಲೆ, ವಿಭಾಗ, ಬೆಂಗಳೂರು, ದೆಹಲಿ. ಎಲ್ಲಕ್ಕೂ ಮೇಲೆ ಸತ್ಯಲೋಕಸ್ಥಾನೀಯವಾದ ಜಿನೀವಾ. ಸತ್ಯಲೋಕದಲ್ಲಿ ಹಂಚಿಕೆಯ ಧರ್ಮವು ಬಹುಕಾಲದಿಂದ ವಿಚಾರದಲ್ಲಿದೆ. 2007ರಲ್ಲಿ ಇಂಡೊನೇಷ್ಯಾವು, ನಮ್ಮ ರೋಗಿಗಳ ವೈರಸ್ಸು ನೀವು ಪಡೆಯುತ್ತೀರಿ, ಅದರಿಂದ ಮಾಡಿದ ಲಸಿಕೆ ನಮಗೆ ಕೈಗೆಟುಕದು ಎಂದು ಹೇಳಿ ಎಚ್5ಎನ್1 ಮಾದರಿಗಳನ್ನು ಕೊಡುವುದನ್ನು ನಿಲ್ಲಿಸಿತು. ಅದರ ಫಲವಾಗಿ 2011ರಲ್ಲಿ ಒಂದು ಚೌಕಟ್ಟು ಏರ್ಪಟ್ಟು, ಮಾದರಿ ಪಡೆದ ತಯಾರಕರು ಮಹಾಮಾರಿಯ ಕಾಲದಲ್ಲಿ ಲಸಿಕೆಯ ಒಂದು ಪಾಲನ್ನು ಮೀಸಲಿಡಬೇಕೆಂದಾಯಿತು. 2025ರ ಮೇ 20ರಂದು ಅಂಗೀಕೃತವಾದ ಮಹಾಮಾರಿ ಒಪ್ಪಂದವು ಇಂಥದೇ ಪಾಲಿಗೆ ಶೇ 20ರ ಗುರಿಯಿಟ್ಟು, ಅದರಲ್ಲಿ ಕನಿಷ್ಠ ಅರ್ಧ ದಾನವಾಗಿರಬೇಕೆಂದಿತು. ಅದು ನಡೆಯಬೇಕಾದ ವಿಧಾನವನ್ನು ಹೇಳುವ ಪರಿಶಿಷ್ಟ ಮಾತ್ರ ಅಂಗೀಕಾರದ ದಿನ ಬರೆದಾಗಿರಲಿಲ್ಲ. ಒಪ್ಪಂದದೊಳಗೇ ಪ್ರಾಗಭಾವವೊಂದು ಕುಳಿತಿತ್ತು. ಭೂಲೋಕಕ್ಕೂ ಸತ್ಯಲೋಕಕ್ಕೂ ಸ್ವರೂಪೈಕ್ಯವಿದೆ ಎಂಬ ನಮ್ಮ ಸಿದ್ಧಾಂತಕ್ಕೆ ಇದು ಪುಷ್ಟಿ.

ಭೂಲೋಕದ ಸನ್ನದ್ಧತೆಯಾದರೋ ಪರಿಶಿಷ್ಟಕ್ಕಾಗಿ ಕಾಯುವುದಿಲ್ಲ. ನೆರೆಯ ಕಲಬುರಗಿಯಲ್ಲಿ 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ ಬಳಿಕ ಈ ಕಡೆಯ ಹಳ್ಳಿಗಳು ತೋರಿದ ಸನ್ನದ್ಧತೆ ಎರಡು ವಿಧ. ದಾರಿಗೆ ಅಡ್ಡಲಾಗಿ ಜಾಲಿಮುಳ್ಳು ಎಳೆಯುವುದು ಕಂಟಕಬಂಧ. ಜೆಸಿಬಿಯಿಂದ ದಾರಿಯನ್ನೇ ಕಡಿಯುವುದು ಗರ್ತಬಂಧ. ಮೊದಲನೆಯದು ಸಡಿಲಗೊಳಿಸಬಲ್ಲದ್ದು, ಎರಡನೆಯದರಲ್ಲಿ ಹೆರಿಗೆ ನೋವಿನವಳ ಗಾಡಿಯೂ ನಿಲ್ಲುತ್ತದೆ, ಹಾಗಾಗಿ ಶಾಸ್ತ್ರವು ಅದನ್ನು ನಿಷೇಧಿಸುತ್ತದೆ. ಇವೆರಡೂ ಹೊರಗಿನವರನ್ನು ತಡೆಯಲು ಸಮರ್ಥ. ಆದರೆ ಮೇ ತಿಂಗಳಲ್ಲಿ ಮುಂಬಯಿ, ಪುಣೆಗಳಿಗೆ ಗುಳೆ ಹೋದವರು ಮರಳತೊಡಗಿದಾಗ ವ್ಯಾಪ್ತಿಯೇ ಕುಸಿಯಿತು. ಮುಳ್ಳಿನ ಆಚೆ ನಿಂತವನು ಮುಳ್ಳು ಎಳೆದವನ ತಮ್ಮ. ಅವನು ಹೊರಗಿನವನೋ ಒಳಗಿನವನೋ ಎಂಬ ಪ್ರಶ್ನೆಯನ್ನು ಸರ್ಕಾರಿ ಶಾಲೆಯ ಕೋಣೆಯಲ್ಲಿ ಹದಿನಾಲ್ಕು ದಿನ ಇಟ್ಟು ಇತ್ಯರ್ಥ ಮಾಡಲಾಯಿತು. ಅವ್ವ ರೊಟ್ಟಿ ಬುತ್ತಿಯನ್ನು ಕಿಟಕಿಯಿಂದ ಕೊಟ್ಟಳು.

ಕೊನೆಗೆ ನಾಮಪ್ರಕರಣ. ವೈರಸ್ ತಳಿಯ ಹೆಸರಿನಲ್ಲಿ ಕ್ರಮವಾಗಿ ವರ್ಗ, ಸ್ಥಳ, ಕ್ರಮಸಂಖ್ಯೆ, ವರ್ಷ ಇರುತ್ತವೆ: ಎ/ಕ್ಯಾಲಿಫೋರ್ನಿಯ/7/2009, ಎ/ಹಾಂಗ್‌ಕಾಂಗ್/4801/2014. ಯಾವ ಊರಿನ ಮೂಗಿನಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಲಾಯಿತೋ ಆ ಸ್ಥಳಕ್ಕೆ ಈ ಗೌರವ. ಲಸಿಕೆಯ ಪಟ್ಟಿಯಲ್ಲಿ ಎ/ದೇವಾಪುರ/1 ಎಂಬುದು ಈವರೆಗೆ ಇಲ್ಲ. ಇದು ಯಾವ ಅಭಾವ? ಮಾದರಿ ಎಂದಾದರೂ ಹೋಗುವುದಾದರೆ ಪ್ರಾಗಭಾವ, ಎಂದೂ ಹೋಗದಿದ್ದರೆ ಅತ್ಯಂತಾಭಾವ. ಎರಡಕ್ಕೂ ಈ ಕ್ಷಣದಲ್ಲಿ ಲಕ್ಷಣಭೇದ ಕಾಣುವುದಿಲ್ಲ. ಲಸಿಕೆ ಇಳಿಸಿ ಮರಳುವ ನೀಲಿ ಪೆಟ್ಟಿಗೆ ಖಾಲಿಯಾಗಿಯೇ ಮೇಲಕ್ಕೆ ಹೋಗುತ್ತದೆ. ಮಾದರಿಗೂ 2ರಿಂದ 8 ಡಿಗ್ರಿಯೇ ಬೇಕಾದದ್ದು. ನಿರ್ಣಯಕ್ಕೆ ಬೇಕಾದ ಸಾಧನ ಒಂದು ಕಡ್ಡಿ. ಯಾದಗಿರಿ ಹತ್ತಿ ಬೆಳೆಯುವ ಜಿಲ್ಲೆಯೇ ಆದರೂ ಹತ್ತಿ ಸುತ್ತಿದ ಕಡ್ಡಿ ಇದಕ್ಕೆ ಪ್ರಶಸ್ತವಲ್ಲ. ತುದಿ ನೈಲಾನಿನದೋ ಪಾಲಿಯೆಸ್ಟರಿನದೋ ಆಗಿರತಕ್ಕದ್ದು. ಅಂಥ ಕಡ್ಡಿಯ ಭಾವಾಭಾವಗಳನ್ನು, ಅದಕ್ಕಾಗಿ ತುಂಬಬೇಕಾದ ಇಂಡೆಂಟಿನ ಪ್ರಭೇದಗಳನ್ನು ದ್ವಿತೀಯಾಧ್ಯಾಯದಲ್ಲಿ ನಿರೂಪಿಸಲಾಗುವುದು.